ಕೈಯಲ್ಲಿ ಹುಟ್ಟಿದ ಹಲ್ಲು

ಅಗಿಯುವವರ ಊರು ಅಂತ ಒಂದಿತ್ತು. ಊರು ಅಂದರೆ ನೀವು ಅಂದುಕೊಂಡ ಊರಲ್ಲ. ಮನೆ ಇಲ್ಲ, ಬಾಗಿಲಿಲ್ಲ, ಬೀದಿ ಇಲ್ಲ. ಒಂದು ಆಲದ ಮರ, ಒಂದು ಹೊಳೆ, ಹೊಳೆಯ ದಂಡೆಗೆ ಹಾಸಿಕೊಂಡು ಬಿದ್ದ ಬಿಳಿ ಕಲ್ಲು. ಇಷ್ಟಿದ್ದರೆ ನಾನು ಊರು ಅನ್ನುತ್ತೇನೆ, ನೀವು ಸುಮ್ಮನೆ ಒಪ್ಪಿಕೊಂಡುಬಿಡಿ. ಯಾವ ಕಾಲ ಅಂತಲೂ ಕೇಳಬೇಡಿ. ಬೆಂಕಿ ಇನ್ನೂ ಯಾರ ಮಾತನ್ನೂ ಕೇಳದಿದ್ದ ಕಾಲ. ಹಸಿ ಬೇರು, ಹಸಿ ಗೆಣಸು, ಹಸಿ ಮಾಂಸ. ಹಾಗಾಗಿ ಆ ಊರಿನವರು ಬೆಳಗಾದರೆ ಅಗಿಯುತ್ತಿದ್ದರು, ಹೊತ್ತು ನೆತ್ತಿಗೆ ಬಂದರೂ ಅಗಿಯುತ್ತಿದ್ದರು, ಹೊತ್ತು ಇಳಿದರೂ ಅಗಿಯುತ್ತಿದ್ದರು. ಒಂದು ಜಿಂಕೆಯ ತೊಡೆ ಅರಗಿಸಿಕೊಳ್ಳಲು ಹೊಟ್ಟೆಗೆ ಒಂದು ದಿನ ಸಾಕು, ಬಾಯಿಗೆ ಎರಡು ದಿನ ಬೇಕಾಗುತ್ತಿತ್ತು. ಮಾತು ಗೊತ್ತಿರಲಿಲ್ಲ ಅಂತಲ್ಲ. ಗೊತ್ತಿತ್ತು. ಆಡಲು ಬಾಯಿಗೆ ಬಿಡುವಿರಲಿಲ್ಲ.

ಆ ಊರಿಗೆ ಇದ್ದದ್ದು ಒಂದೇ ಕಟ್ಟಳೆ. ಹಲ್ಲಿದ್ದವರು ಹೊಳೆಯ ಈಚೆ ದಡ, ಹಲ್ಲಿಲ್ಲದವರು ಆಚೆ ದಡ, ಮೊಲೆಹಾಲಿನ ಕೂಸುಗಳನ್ನು ಬಿಟ್ಟು. ತನ್ನ ಪಾಲನ್ನು ತಾನೇ ಹರಿದುಕೊಳ್ಳಲಾರದವರು ದುಂಡಗೆ ಕೂತ ಸಾಲಿನಲ್ಲಿ ಕೂರುವ ಹಾಗಿಲ್ಲ. ಯಾಕೆ ಅಂತ ಯಾರಾದರೂ ಕೇಳಬಹುದಿತ್ತು. ಆದರೆ ಕೇಳಬೇಕಾದವರೂ ಅಗಿಯುತ್ತಿದ್ದರು, ಉತ್ತರ ಹೇಳಬೇಕಾದವರೂ ಅಗಿಯುತ್ತಿದ್ದರು.

ಹುಣ್ಣಿಮೆಯ ಮಾರನೇ ದಿನ, ನಡುಹಗಲಲ್ಲಿ, ಎಲ್ಲರೂ ಆಲದ ನೆರಳಿಗೆ ದುಂಡಗೆ ಕೂರುತ್ತಿದ್ದರು. ಹಲ್ಲೆಣಿಸುವವನು ಬರುತ್ತಿದ್ದ. ಬಲು ಗಂಭೀರ ಮನುಷ್ಯ. ನಕ್ಕರೆ ಎಣಿಕೆ ತಪ್ಪುತ್ತದೆ ಅಂತ ನಗುತ್ತಲೇ ಇರಲಿಲ್ಲ. ಒಬ್ಬೊಬ್ಬರ ಬಾಯಿಗೂ ಬೆರಳಿಟ್ಟು ಎಣಿಸುತ್ತಿದ್ದ. ಕೂಸಿಗೆ ಮೊದಲ ಹಲ್ಲು ಬಂದಿದ್ದರೆ ಅದನ್ನು ಎತ್ತಿ ಎಲ್ಲರಿಗೂ ತೋರಿಸುತ್ತಿದ್ದ. ಮುದುಕರ ಬಾಯಲ್ಲಿ ಬೆರಳಿಗೆ ಏನೂ ಸಿಗದಿದ್ದರೆ ಕಿವಿಗೆ ಒಂದು ಹೂವು ಸಿಕ್ಕಿಸುತ್ತಿದ್ದ. ಆಗ ಎಲ್ಲರೂ ಹಾಡು ಹೇಳುತ್ತಿದ್ದರು. ಹಾಡು ಅಂದರೇನು, ಬಾಯಿ ಮುಚ್ಚಿಕೊಂಡು ಹೂಂ ಹೂಂ ಅನ್ನುವುದು, ತುತ್ತು ಒಳಗಿತ್ತಲ್ಲ! ಹೂವು ಮುಡಿದವರು ಹೊಳೆ ದಾಟಿ ಹೋಗುತ್ತಿದ್ದರು. ಆಚೆ ದಡದಲ್ಲಿ ನೇರಳೆ ಮರಗಳಿವೆ, ಹಣ್ಣು ಮೆತ್ತಗಿರುತ್ತದೆ, ಬದುಕಿಕೊಳ್ಳುತ್ತಾರೆ ಅಂತ ಈಚೆಯವರು ಸಮಾಧಾನ ಹೇಳಿಕೊಳ್ಳುತ್ತಿದ್ದರು. ಹಣ್ಣು ಮುಗಿದ ಮೇಲೆ ಏನು ಅನ್ನುವುದನ್ನು ಯಾರೂ ಎತ್ತುತ್ತಿರಲಿಲ್ಲ.

ಇನ್ನು ಕಲ್ಲಿನ ವಿಷಯ. ಆ ಊರಿನ ಗಂಡಸರು ಕಲ್ಲು ಬಡಿಯುವವರು. ಒಂದು ದಪ್ಪ ಕಲ್ಲು ತಗೊಂಡು, ಇನ್ನೊಂದು ಗುಂಡುಕಲ್ಲಿನಿಂದ ಸುತ್ತ ಬಡಿದು ಬಡಿದು, ಅಂಗೈಗೆ ಕೂರುವಂಥ ಚೂಪು ಗಡ್ಡೆ ಮಾಡುತ್ತಿದ್ದರು. ಅದರಿಂದ ಗೆಣಸು ಅಗೆಯುವುದು, ಮೂಳೆ ಒಡೆಯುವುದು. ಅವರ ಅಜ್ಜ ಮಾಡಿದ್ದೂ ಅದನ್ನೇ, ಅಜ್ಜನ ಅಜ್ಜ ಮಾಡಿದ್ದೂ ಅದನ್ನೇ. ಬಡಿಯುವಾಗ ಕಲ್ಲಿನಿಂದ ಚಕ್ಕೆ ಹಾರುತ್ತಿತ್ತಲ್ಲ, ಅದನ್ನು ಅವರು ಕಲ್ಲಿನ ಉಗುಳು ಅನ್ನುತ್ತಿದ್ದರು. ಬಡಿಸಿಕೊಂಡ ಕಲ್ಲು ಸಿಟ್ಟಿಗೆ ಉಗುಳುತ್ತದೆ ಅಂತ ಅವರ ತಿಳುವಳಿಕೆ. ಉಗುಳನ್ನು ಯಾರಾದರೂ ಕೈಯಲ್ಲಿ ಮುಟ್ಟುತ್ತಾರಾ? ಛೀ! ಬರಲಿನಲ್ಲಿ, ಅಂದರೆ ಕಡ್ಡಿ ಪೊರಕೆಯಲ್ಲಿ ಗುಡಿಸಿ, ಊರ ಹೊರಗಿನ ಗುಂಡಿಗೆ ತಳ್ಳುತ್ತಿದ್ದರು. ಆ ಗುಂಡಿ ಎಷ್ಟು ಹಳೆಯದೋ ಯಾರಿಗೂ ಗೊತ್ತಿರಲಿಲ್ಲ. ಒಂದು ತುಂಬಿದರೆ ಪಕ್ಕದಲ್ಲಿ ಇನ್ನೊಂದು ತೋಡುತ್ತಿದ್ದರು.

ಗುಡಿಸುವ ಕೆಲಸ ಒಬ್ಬ ಸೊಸೆಯದು. ಅವಳ ಗಂಡ ಕಲ್ಲು ಬಡಿಯುವವರಲ್ಲಿ ಒಬ್ಬ. ಏನು ಕೇಳಿದರೂ ‘ಹೂಂ’ ಅನ್ನುವವನು. ಅವಳಿಗೊಬ್ಬಳು ಅತ್ತೆ. ಅತ್ತೆ ನೆರಳಲ್ಲಿ ಕೂತು ಗುಡಿಸುವುದನ್ನು ನೋಡುವವಳು, ಸೊಸೆ ಬಿಸಿಲಲ್ಲಿ ಗುಡಿಸುವವಳು. ಇಬ್ಬರ ನಡುವೆ ಹೇಗಿತ್ತು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

“ಏ ಸೊಸೀ, ಅಲ್ಲೊಂದು ಚಕ್ಕಿ ಬಿಟ್ಟಿ ನೋಡು.”

“ಕಣ್ಣು ಮಂಜಾಗ್ಯಾವ ಅಂತೀರಿ, ಚಕ್ಕಿ ಮಾತ್ರ ಹ್ಯಾಂಗ ಕಾಣ್ತಾವ ನಿಮಗ?”

“ನೀ ಗುಡಿಸಿದ್ದು ಕುರುಡಿಗೂ ಕಾಣತೈತಿ.”

ಅತ್ತೆಯ ಬಾಯಲ್ಲಿ ಒಂದೇ ಒಂದು ಹಲ್ಲು ಉಳಿದಿತ್ತು. ಮೇಲೆ, ಎಡಕ್ಕೆ. ಆ ಒಂಟಿ ಹಲ್ಲಿನ ಮೇಲೆ ಅವಳಿಗೆ ಭಾರೀ ಹೆಮ್ಮೆ. “ಒಂದ ಐತಿ ಅಂತ ನಗಬ್ಯಾಡಬೇ,” ಅನ್ನುತ್ತಿದ್ದಳು, “ನಿನ್ನ ಗಂಡನ ಬಾಯಿತುಂಬಾ ಇರೋವು ಮಾಡದ ಕೆಲಸ ನನ್ನ ಇದೊಂದು ಮಾಡತೈತಿ.”

“ಮಾಡತೈತಿ, ಮಾಡತೈತಿ. ನಿನ್ನೆ ಮುಂಜಾನಿ ಬಾಯಾಗ ಹಾಕ್ಕೊಂಡಿದ್ದು ಇನ್ನೂ ನುಂಗಿಲ್ಲ ನೀವು.”

ಎಣಿಕೆಗೆ ಇನ್ನು ಐದು ದಿನ ಇದೆ ಅನ್ನುವಾಗ ಆ ಹಲ್ಲು ಬಿತ್ತು. ಗೆಣಸು ಕಚ್ಚಿದಳು, ಗೆಣಸು ಹಾಗೇ ಇತ್ತು, ಹಲ್ಲು ಅದರಲ್ಲಿ ನಿಂತಿತ್ತು. ಅತ್ತೆ ಅದನ್ನು ಕಿತ್ತು ಅಂಗೈ ಮೇಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು. ನಕ್ಕಳು.

“ಬಂತಲ್ಲಬೇ! ಇನ್ನ ನಿನಗ ಆರಾಮ. ಎಡಕ್ಕೊಂದು ಬಿಟ್ಟಿ, ಬಲಕ್ಕೊಂದು ಬಿಟ್ಟಿ ಅನ್ನಾಕ ಯಾರೂ ಇರೂದಿಲ್ಲ.”

ಸೊಸೆ ಖಾರವಾಗಿ ಏನಾದರೂ ಅನ್ನಬೇಕಿತ್ತು. ಅದರ ಬದಲು ಬರಲನ್ನು ಅಲ್ಲೇ ಬಿಸಾಕಿ ಮರದ ಹಿಂದೆ ಹೋಗಿ ಕೂತಳು, ಗೊಳೋ ಅಂತ ಅತ್ತಳು. ಈ ಮುದುಕಿ ಒಮ್ಮೆ ತೊಲಗಿದರೆ ಸಾಕು ಅಂತ ಎಷ್ಟು ಸಲ ಅಂದುಕೊಂಡಿರಲಿಲ್ಲ ಅವಳು! ಈಗ ತೊಲಗುವ ದಿನ ಬಂದರೆ ಯಾರ ಜೊತೆ ಜಗಳ ಆಡುವುದು? ಊರಿನವರೆಲ್ಲ ಅಗಿಯುತ್ತಾ ಸುಮ್ಮನಿರುವಾಗ ಅವಳ ಜೊತೆ ದಿನವಿಡೀ ಮಾತಾಡಿದ ಜೀವ ಅದೊಂದೇ. ಬೈದರೂ ಮಾತೇ ತಾನೆ. ಅತ್ತೆಯನ್ನು ಕಳಿಸಿಕೊಡಲು ಅವಳಿಗೆ ಸುತಾರಾಂ ಮನಸ್ಸಿರಲಿಲ್ಲ.

ಮಾರನೇ ದಿನ ಒಂದು ತುಂಡು ಮಾಂಸವನ್ನು ತಾನೇ ಚೆನ್ನಾಗಿ ಅಗಿದು, ಮುತ್ತುಗದ ಎಲೆಯ ಮೇಲಿಟ್ಟು, ಅತ್ತೆಯ ಮುಂದೆ ತಳ್ಳಿದಳು.

“ಇದೇನ?”

“ಸುಮ್ಮನ ತಿನ್ರಿ.”

“ನಿನ್ನ ಎಂಜಲಾ?”

“ಹೌದು, ನನ್ನ ಎಂಜಲ. ಏನೀಗ?”

“ಹೊಳಿ ದಾಟಿ ಹೋಗತೀನಿ, ನಿನ್ನ ಎಂಜಲ ಮಾತ್ರ ಮುಟ್ಟೂದಿಲ್ಲ!”

ಮುದುಕಿಯದು ಬರೀ ಜಂಬ ಅಂದುಕೊಳ್ಳಬೇಡಿ. ಒಬ್ಬರ ಹಲ್ಲು ಮುಟ್ಟಿದ್ದನ್ನು ಇನ್ನೊಬ್ಬರು ಮುಟ್ಟುವುದು ಆ ಊರಲ್ಲಿ ಇರಲೇ ಇಲ್ಲ. ಸೊಸೆಗೆ ಎಲ್ಲಿತ್ತೋ ಸಿಟ್ಟು, ಆ ತುತ್ತನ್ನು ತಾನೇ ಬಾಯಿಗೆ ಹಾಕಿಕೊಂಡು ಗಬಗಬ ನುಂಗಿ, ಬರಲು ಎತ್ತಿಕೊಂಡು ಗುಡಿಸಲು ಹೊರಟಳು. ಸಿಟ್ಟಿನಲ್ಲಿ ಗುಡಿಸಿದರೆ ಇನ್ನೇನಾಗುತ್ತದೆ? ಗುಂಡಿಯ ಅಂಚಿನಲ್ಲಿ ಚಕ್ಕೆಯ ಮೇಲೆ ಕಾಲಿಟ್ಟಳು.

ಅವಳ ಪಾದ ಅಂದರೆ ಬರೀ ಕಲ್ಲಿನ ಮೇಲೆ ನಡೆದು ತೊಗಟೆಯಾದ ಪಾದ. ಮುಳ್ಳು ಚುಚ್ಚಿದರೆ ಮುಳ್ಳೇ ಮುರಿಯಬೇಕು. ಅಂಥ ಹಿಮ್ಮಡಿ ಕಚಕ್ ಅಂತ ಸೀಳಿತು. “ಅಯ್ಯಯ್ಯವ್ವಾ!” ಅಂತ ಕುಸಿದು ಕೂತಳು. ಆ ಊರಲ್ಲಿ ಚಕ್ಕೆಗೆ ಕಾಲು ಕೊಯ್ದುಕೊಳ್ಳದವರು ಒಬ್ಬರೂ ಇರಲಿಲ್ಲ. ಕೊಯ್ದುಕೊಳ್ಳುವುದು, ಉಗುಳಿಗೆ ಬೈಯುವುದು, ಸೊಪ್ಪು ಅರೆದು ಕಟ್ಟುವುದು, ಮತ್ತೆ ಹೋಗಿ ಅಗಿಯುತ್ತಾ ಕೂರುವುದು. ಸಾವಿರ ಸಾವಿರ ಹುಣ್ಣಿಮೆಗಳಿಂದ ಅದೇ ನಡೆದು ಬಂದಿತ್ತು. ಇವಳೂ ಬೈಯಲು ಬಾಯಿ ತೆರೆದಳು. ತೆರೆದವಳು ಹಾಗೇ ಕೂತುಬಿಟ್ಟಳು. ಅಲ್ಲಾ, ಇಷ್ಟು ಗಟ್ಟಿ ಕಾಲನ್ನು ಕೊಯ್ಯುವುದು ಮಾಂಸವನ್ನು ಕೊಯ್ಯುವುದಿಲ್ಲವಾ?

ಅತ್ತ ಇತ್ತ ನೋಡಿದಳು. ಯಾರೂ ಇರಲಿಲ್ಲ. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಎರಡು ಬೆರಳಲ್ಲಿ ಚಕ್ಕೆಯನ್ನು ಎತ್ತಿದಳು. ಕೈ ಕೊಳೆಯಲಿಲ್ಲ, ಕಣ್ಣು ಹೋಗಲಿಲ್ಲ. ಕುಂಟುತ್ತಾ ಓಡಿದಳು.

“ಉಗುಳು ಮುಟ್ಟಿದ್ಯಾ?” ಅಂತ ಅತ್ತೆ ಹೌಹಾರಿದಳು. “ಕೈ ತೊಳಿ ಹೋಗು, ಹೊಲಸು!”

“ಬೈಯೂದು ಆಮ್ಯಾಲ. ಮೊದಲ ನೋಡ್ರಿ.”

ಜಿಂಕೆಯ ತೊಡೆಯ ಮೇಲೆ ಚಕ್ಕೆಯನ್ನು ಎಳೆದಳು. ಹಲ್ಲಿಗೆ ಅರ್ಧ ದಿನ ಹಿಡಿಯುವ ಚರ್ಮ ಸರಕ್ ಅಂತ ಬಿಟ್ಟುಕೊಂಡಿತು. ಇನ್ನೊಮ್ಮೆ ಎಳೆದಳು, ಬೇವಿನ ಎಲೆಯಷ್ಟು ತೆಳ್ಳಗೆ ಒಂದು ಚೂರು ಬಂತು. ಅತ್ತೆಯ ಬೈಗುಳ ಅರ್ಧಕ್ಕೇ ನಿಂತಿತು.

“ಮತ್ತೊಂದ ಸಲ ಮಾಡು,” ಅಂದಳು. ಮಾಡಿದಳು. “ಮತ್ತೊಂದ ಸಲ.” ಮಾಡಿದಳು.

ಮುದುಕಿ ಬಗ್ಗಿ ಆ ಚೂರುಗಳನ್ನು ಒಂದೊಂದಾಗಿ ನೋಡಿದಳು. ಆಮೇಲೆ ತಲೆ ಅಲ್ಲಾಡಿಸಿದಳು. “ಚಲೋ ಐತಿ. ಆದ್ರ ಇದು ನಿನ್ನ ಹಲ್ಲಬೇ, ನೀ ತಂದಿದ್ದು. ಇನ್ನೊಬ್ಬರ ಹಲ್ಲು ಹಚ್ಚಿ ಹರಿದಿದ್ದು ನನಗ ನಡಿಯೂದಿಲ್ಲ, ಎಣಿಸೋನೂ ಒಪ್ಪೂದಿಲ್ಲ. ನನ್ನ ಹಲ್ಲು ನನ್ನ ಕೈಯಾಗ ಹುಟ್ಟಬೇಕು.”

“ಅಂದ್ರ ನೀವು ಕಲ್ಲು ಬಡೀತೀರಾ? ಈ ಕೈಯಿಂದ?”

“ಯಾಕ, ಈ ಕೈಗೇನಾಗೈತಿ?”

ಆ ಕೈಗೆ ಏನಾಗಿತ್ತು ಅಂತ ಇಬ್ಬರಿಗೂ ಗೊತ್ತಿತ್ತು. ನೀರು ಮೊಗೆದರೆ ಅರ್ಧ ಚೆಲ್ಲುತ್ತಿತ್ತು. ಆದರೂ ಇಬ್ಬರೂ ಗುಂಡಿಯ ಹಿಂದೆ ಹೋಗಿ ಕೂತರು. ಮುದುಕಿ ಕಲ್ಲೆತ್ತಿ ಬಡಿದಳು, ಹೆಬ್ಬೆರಳು ಜಜ್ಜಿಕೊಂಡಳು. ಸೊಸೆ ನಕ್ಕಳು. ಮುದುಕಿ ಸಿಟ್ಟಾಗಿ ಇನ್ನೂ ಜೋರಾಗಿ ಬಡಿದಳು, ಬರೀ ಪುಡಿ ಬಿತ್ತು. ಎರಡು ದಿನ ಬರೀ ಪುಡಿಯೇ. ಮೂರನೇ ದಿನ ಕಲ್ಲನ್ನು ಎಸೆದು, “ಇದು ಗಂಡಸರ ರಟ್ಟಿಗೆ ಮಾಡಿದ್ದು,” ಅಂದುಬಿಟ್ಟಳು.

ಆಗ ಸೊಸೆಗೆ ತನಗೇ ಗೊತ್ತಿಲ್ಲದೆ ಗೊತ್ತಿದ್ದ ಒಂದು ವಿಷಯ ನೆನಪಾಯಿತು. ಇಷ್ಟು ವರ್ಷ ಗುಡಿಸಿದವಳಲ್ಲವಾ! ಕಲ್ಲಿನ ನಡುಮಧ್ಯಕ್ಕೆ ಗುದ್ದಿದ ದಿನ ಪುಡಿ ಜಾಸ್ತಿ, ಸೊಂಟ ಬಗ್ಗಿಸುವುದು ಕಮ್ಮಿ. ಅಂಚಿಗೆ ಓರೆಯಾಗಿ ಹೊಡೆದ ದಿನ ಉದ್ದುದ್ದ ಚಕ್ಕೆ, ಆಲದ ಮರದ ತನಕ ಹಾರಿರುತ್ತಿದ್ದವು, ಆಯ್ದು ಗುಡಿಸಿ ಬೆನ್ನು ಹಿಡಿದುಕೊಳ್ಳುತ್ತಿತ್ತು. ಬಡಿಯುವವರಿಗೆ ತಿಳಿಯದ್ದು ಅವಳ ಬೆನ್ನಿಗೆ ತಿಳಿದಿತ್ತು.

“ಅತ್ತೀ, ಗಟ್ಟಿ ಹೊಡೀಬ್ಯಾಡ್ರಿ. ನಡಕ್ಕ ಬ್ಯಾಡ, ಅಂಚಿಗೆ. ಹಿಂಗ ಓರೆ ಹಿಡೀರಿ. ರಟ್ಟಿ ಹಚ್ಚಬ್ಯಾಡ್ರಿ, ಗುಂಡುಕಲ್ಲನ್ನ ತಾನ ಬೀಳಾಕ ಬಿಡ್ರಿ.”

“ನನಗ ಕಲಸಾಕ ಬಂದೀಯೇನು?”

“ಹೌದು, ಬಂದೀನಿ.”

ಮುದುಕಿ ಗೊಣಗುತ್ತಲೇ ಓರೆ ಹಿಡಿದಳು. ಆ ದಿನ ಹತ್ತು ಸಲ ಹೊಡೆದರೆ ಒಂದು ಸಲ ಚಕ್ಕೆ ಬಂತು. ಮಾರನೇ ದಿನ ಐದಕ್ಕೆ ಒಂದು ಬಂತು. ಅದರ ಮಾರನೇ ದಿನ ಎಣಿಕೆ.

ಎಲ್ಲರೂ ದುಂಡಗೆ ಕೂತರು. ಹಲ್ಲೆಣಿಸುವವನು ಬಂದ. ಎಣಿಸುತ್ತಾ ಎಣಿಸುತ್ತಾ ಅತ್ತೆಯ ಮುಂದೆ ನಿಂತ. ಅವಳು ಬಾಯಿ ಅಗಲಿಸಿದಳು. ಬೆರಳು ಎಡಕ್ಕೆ ಹೋಯಿತು, ಬಲಕ್ಕೆ ಹೋಯಿತು, ಮೇಲೆ ಕೆಳಗೆ ತಡಕಾಡಿತು. “ಇಲ್ಲ,” ಅಂದ. ಹೂವು ತೆಗೆದ. ಸಾಲಿನಲ್ಲಿ ಹೂಂ ಹೂಂ ಶುರುವಾಯಿತು.

“ಹಾಡು ನಿಲ್ಲಸ್ರಿ!” ಸೊಸೆ ಎದ್ದು ನಿಂತಳು. “ಹಲ್ಲು ಯಾಕ ಬೇಕ್ರಿ? ತನ್ನ ಪಾಲು ತಾನ ಹರಕೊಳ್ಳಾಕ ಹೌದಲ್ಲ? ನಮ್ಮತ್ತಿ ಹರಕೊಂಡ್ರ ಇಲ್ಲೇ ಕೂರಬೇಕು.”

“ಯಾತರಿಂದ ಹರಕೊಂತಾಳ? ವಸಡಿನಿಂದೇನು?” ಅಂದ ಹಲ್ಲೆಣಿಸುವವನು.

“ಸ್ವಲ್ಪ ತಡಿಯೋ ತಮ್ಮಾ,” ಅಂದಳು ಅತ್ತೆ, “ನನ್ನ ಹಲ್ಲು ಇನ್ನೂ ಹುಟ್ಟಿಲ್ಲ.” ಮಡಿಲ ಪಕ್ಕದಿಂದ ಎರಡು ಕಲ್ಲು ತೆಗೆದಳು.

ನಗು ಅಂದರೆ ನಗು! ಬಾಯಲ್ಲಿದ್ದ ತುತ್ತು ಉದುರುವಂಥ ನಗು. ಮುದುಕಿ ಹೊಡೆದಳು, ಗುಂಡುಕಲ್ಲು ಜಾರಿ ಪಕ್ಕದವನ ಮೊಣಕಾಲಿಗೆ ಬಿತ್ತು. ಇನ್ನೂ ನಗು. ಮತ್ತೆ ಹೊಡೆದಳು, ಪುಡಿ. ಮುದುಕಿ ಸೊಸೆಯ ಕಡೆ ನೋಡಿದಳು. “ಓರೆ,” ಅಂತ ಸೊಸೆಯ ತುಟಿ ಆಡಿತು. ಮುದುಕಿ ಕಲ್ಲನ್ನು ಓರೆ ಮಾಡಿದಳು, ಕೈಯನ್ನು ಸಡಿಲ ಬಿಟ್ಟಳು. ಟಿಣ್ ಅಂತು. ನೇರಳೆ ಎಲೆಯಂಥ ಉದ್ದನೆಯ ಚಕ್ಕೆ ಅವಳ ಮುಂದೆ ಬಿತ್ತು.

ಅದನ್ನವಳು ಬರಿಗೈಲಿ ಎತ್ತಿಕೊಂಡಾಗ ನಗು ನಿಂತಿತು. “ಉಗುಳು! ಉಗುಳು!” ಅಂತ ನಾಲ್ಕು ಜನ ಹಿಂದೆ ಸರಿದರು. ಮುದುಕಿ ತನ್ನ ಪಾಲಿನ ಮಾಂಸವನ್ನು ಎಳೆದುಕೊಂಡಳು. ಸರಕ್. ಒಂದು ಚೂರು. ನಾಲಿಗೆ ಮೇಲಿಟ್ಟಳು, ವಸಡಿನಿಂದ ಎರಡು ಸಲ ಒತ್ತಿದಳು, ನುಂಗಿದಳು. ಸರಕ್. ಇನ್ನೊಂದು. ಪಕ್ಕದವನು ಮೊದಲ ತುತ್ತಿನ ಜೊತೆ ಇನ್ನೂ ಗುದ್ದಾಡುತ್ತಿದ್ದ, ಇವಳ ಪಾಲು ಖಾಲಿ. ಅಂಗೈ ಒರೆಸಿಕೊಂಡು ಸುತ್ತ ನೋಡಿ, “ಇನ್ನೇನೈತಿ ತಿನ್ನಾಕ?” ಅಂದಳು.

ಎಲ್ಲರಿಗಿಂತ ಮೊದಲು ಬಾಯಿ ಬಿಟ್ಟವನು ಅವಳ ಮಗ. ಬಾಯಲ್ಲಿದ್ದದ್ದನ್ನು ಹಾಗೇ ನುಂಗಿ, ಹುಟ್ಟಿದಾಗಿನಿಂದ ‘ಹೂಂ’ ಬಿಟ್ಟು ಬೇರೆ ಮಾತಾಡದವನು, “ಅವ್ವಾ, ನನಗೂ ಒಂದ ಕೊಡು,” ಅಂದ.

ಹಲ್ಲೆಣಿಸುವವನು ಮಾತ್ರ ಅಷ್ಟು ಸುಲಭಕ್ಕೆ ಬಿಡುವವನಲ್ಲ. “ಹರಕೊಂಡಳು, ಖರೆ. ಆದ್ರ ಕಲ್ಲಿನ ಎಂಜಲ ಮುಟ್ಟಿದ್ದನ್ನ ತಿಂದಾಳ. ಎಂಜಲ ತಿಂದೋರು ಸಾಲಿನಾಗ ಹ್ಯಾಂಗ ಕೂರತಾರ?” ಅಂದ.

“ಎಂಜಲು ಅಂದ್ರ ಹಸಿ ಇರಬೇಕಲ್ಲೋ,” ಅಂದಳು ಮುದುಕಿ. “ನೆಕ್ಕಿ ನೋಡು.”

ಊರಿಗೆ ಊರೇ ನೋಡುತ್ತಿತ್ತು. ಹಲ್ಲೆಣಿಸುವವನು ಚಕ್ಕೆಯನ್ನು ಕೈಗೆ ತಗೊಂಡ. ಮೂಗಿಗೆ ಹಿಡಿದ. ನಾಲಿಗೆ ಚಾಚಿ ಮೆಲ್ಲಗೆ ನೆಕ್ಕಿದ. “ಹಾ!” ಅಂದ, ನಾಲಿಗೆಯ ತುದಿಯಲ್ಲಿ ಸಣ್ಣಗೆ ರಕ್ತ ಬಂದಿತ್ತು. ಇನ್ನೊಂದು ಬದಿ ಹುಷಾರಾಗಿ ನೆಕ್ಕಿದ.

“ಒಣ ಐತಿ,” ಅಂದ. “ಎಂಜಲಲ್ಲ. ಎಂದೂ ಎಂಜಲಾಗಿರಲಿಲ್ಲ.” ಹೂವನ್ನು ಕೆಳಗೆ ಹಾಕಿ, “ಒಂದು,” ಅಂತ ಅತ್ತೆಯ ಹಲ್ಲನ್ನು ಎಣಿಸಿದ.

ಆಹಾ, ಆಗಿನ ಕೇಕೆ! ಸೊಸೆ ಓಡಿಬಂದು ಅತ್ತೆಯ ಕುತ್ತಿಗೆಗೆ ಜೋತುಬಿದ್ದಳು. ಮುದುಕಿ “ಬಿಡಬೇ, ಚಕ್ಕಿ ತಾಗತೈತಿ!” ಅಂತ ಬೈಯುತ್ತಾ ಅವಳನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡಳು. ಒಣ ಚಕ್ಕೆ ಯಾರ ಎಂಜಲೂ ಅಲ್ಲ ಅಂದಮೇಲೆ ಯಾರು ಹೊಡೆದದ್ದಾದರೇನು, ಗಂಡಸರು ಬಡಿದಾಡಿಕೊಂಡು ಗುಂಡಿಯ ಕಡೆ ಓಡಿದರು. ಅಜ್ಜಂದಿರ ಕಾಲದಿಂದ ಗುಡಿಸಿ ಹಾಕಿದ ಹಲ್ಲುಗಳು ಅಲ್ಲಿ ರಾಶಿ ರಾಶಿ ಬಿದ್ದಿದ್ದವು, ಯಾರಿಗೆ ಬೇಕಾದರೂ ಎಷ್ಟು ಬೇಕಾದರೂ.

ಹಲ್ಲೆಣಿಸುವವನು ಓಡಲಿಲ್ಲ. ಮುಂದಿನವರ ಬಾಯಿಯನ್ನೂ ಎಣಿಸಲಿಲ್ಲ. ಚಕ್ಕೆ ಕೈಯಲ್ಲಿ ಹಿಡಿದು ನಿಂತವನು ಅಲ್ಲೇ ಕೂತುಬಿಟ್ಟ.

“ಯಾಕೋ ತಮ್ಮಾ?” ಅಂದಳು ಅತ್ತೆ.

“ನಮ್ಮವ್ವನ ಬಾಯಿ ನಾನ ಎಣಿಸಿದ್ದೆ,” ಅಂದ ಅವನು. “ಎರಡು ಹುಣ್ಣಿಮಿ ಆತು. ಹೂವೂ ನಾನ ಇಟ್ಟೆ. ಆಗೂ ಈ ಗುಂಡಿ ಇಲ್ಲೇ ಇತ್ತು, ತುಂಬಿತ್ತು.”

ಕೇಕೆ ನಿಂತಿತು, ಗುಂಡಿಯ ಕಡೆ ಓಡಿದವರೂ ತಿರುಗಿ ಬಂದರು. ಒಬ್ಬೊಬ್ಬರಿಗೂ ತಾವು ಹಾಡು ಹೇಳಿ ಕಳಿಸಿದವರ ಮುಖ ಕಣ್ಣೆದುರು ಬಂತು. ಯಾರ ದವಡೆಯೂ ಆಡಲಿಲ್ಲ. ಆ ಊರು ಹುಟ್ಟಿದಾಗಿನಿಂದ ಅಷ್ಟು ಹೊತ್ತು ಯಾರೂ ಅಗಿಯದೆ ಕೂತದ್ದು ಅದೇ ಮೊದಲು.

ಮುದುಕಿ ಎದ್ದಳು. “ಕುಂತು ಅಳಾಕ ಎಲ್ಲಾರಿಗೂ ಬರತೈತಿ. ನೇರಳಿಹಣ್ಣು ಇನ್ನೂ ಗಿಡದಾಗ ಅದಾವ. ಏಳು, ನಡಿ!” ಅಂತ ಅವನ ಬೆನ್ನಿಗೊಂದು ಹಾಕಿದಳು. ಸೊಸೆಯ ಕಡೆ ತಿರುಗಿ, “ನೀನೂ ಹೋಗಬೇ. ಅವನೊಬ್ಬನ ಕೈಯಾಗ ಚಕ್ಕಿ ಕೊಟ್ರ ಎಲ್ಲಾ ಹೊಳಿಗೆ ಚೆಲ್ಲತಾನ.”

ಸೊಸೆ ಮುತ್ತುಗದ ಎಲೆಯ ತುಂಬಾ ಚಕ್ಕೆ ಕಟ್ಟಿಕೊಂಡು ಹೊರಟಳು. ಹಲ್ಲೆಣಿಸುವವನು ಅವಳಿಗಿಂತ ಮುಂದೆ, ನೀರಲ್ಲಿ ಮುಗ್ಗರಿಸುತ್ತಾ, ಏಳುತ್ತಾ. ನಡುಹೊಳೆಯಲ್ಲಿ ನಿಂತು ಕೂಗಿದ. “ಯವ್ವಾ!”

ಆಚೆ ದಡದಲ್ಲಿ ಎಲೆ ಅಲ್ಲಾಡಿತು, ಅಷ್ಟೇ. ಮತ್ತೆ ಕೂಗಿದ. ಏನೂ ಇಲ್ಲ. ಮೂರನೇ ಸಲ ಅವನು ಕೂಗಿದ್ದಕ್ಕೆ ಮರದ ಮೇಲಿನ ಹಕ್ಕಿಗಳೆಲ್ಲ ಎದ್ದವು.

“ಯಾಕ ಹಂಗ ಒದರತೀ?” ನೇರಳೆಯ ನೆರಳಿನಿಂದ ಒಂದು ಮುದಿ ದನಿ ಬಂತು. “ಹಲ್ಲು ಹೋದ್ರ ಕಿವೀನೂ ಹೋದ್ವು ಅಂತ ತಿಳದೀಯೇನು?”

ಹಲ್ಲೆಣಿಸುವವನು ಹೊಳೆಯ ನಡುವೆಯೇ ನಿಂತು ಅತ್ತ, ನಕ್ಕ, ಎರಡನ್ನೂ ಒಟ್ಟಿಗೇ ಮಾಡಿದ. ಮರಗಳ ಸಂದಿನಿಂದ ಒಬ್ಬೊಬ್ಬರೇ ಹೊರಬಂದರು. ತುಟಿಯೆಲ್ಲ ನೇರಳೆ ಬಣ್ಣ, ಕಾಲು ಕಡ್ಡಿಯಂತೆ, ಒಟ್ಟು ಏಳು ಜನ. ಸೊಸೆ ಒಬ್ಬೊಬ್ಬರ ಅಂಗೈಗೂ ಒಂದೊಂದು ಚಕ್ಕೆ ಇಟ್ಟು, ಕೈ ಹಿಡಿದು ನೀರಿಗಿಳಿಸಿದಳು.

ಅವತ್ತು ಈಚೆ ದಡದಲ್ಲಿ ಊಟ ಬಹಳ ತಡವಾಯಿತು. ಸಾಲಿನಲ್ಲಿ ಇನ್ನೂ ಏಳು ಜನಕ್ಕೆ ಜಾಗವಾಗಲು ಎಲ್ಲರೂ ಒಂದಿಷ್ಟು ಹಿಂದೆ ಹಿಂದೆ ಸರಿದು ಕೂರಬೇಕಾಯಿತಲ್ಲ, ಅದಕ್ಕೇ ಹೊತ್ತು ಹಿಡಿಯಿತು.